ಮನೆಯಲ್ಲೇ ಕಟಿಂಗ್: ಕೂದಲು ಮತ್ತೆ ಬರುತ್ತದೆ, ಎಚ್ಚರ ಬೇಕಿರುವುದು ಬ್ಲೇಡಿನ ಬಗ್ಗೆ

‘ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ.’ ‘ಹುಣ್ಣಿಮೆಯ ದಿನ ತುದಿ ಕತ್ತರಿಸಿ, ಕೂದಲು ಬೇಗ ಬೆಳೆಯುತ್ತದೆ.’ ‘ಬ್ಲೇಡನ್ನು ಡೆಟಾಲ್‌ನಲ್ಲಿ ಅದ್ದಿದರೆ ಸಾಕು, ಎಷ್ಟು ಜನ ಬೇಕಾದರೂ ಬಳಸಬಹುದು.’ ಇಂಥ ಮೆಸೇಜುಗಳಲ್ಲಿ ಒಂದಾದರೂ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿರುತ್ತದೆ. ಮೊದಲ ಎರಡನ್ನು ನಂಬಿದರೆ ಹೆಚ್ಚೇನೂ ನಷ್ಟವಿಲ್ಲ. ಮೂರನೆಯದನ್ನು ನಂಬಿದರೆ ಕಾಯಿಲೆ ಬರಬಹುದು. ಮನೆಯಲ್ಲಿ ಕೂದಲು ಕತ್ತರಿಸುವಾಗ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಐದು ಮನೆ, ಒಂದೇ ಟ್ರಿಮ್ಮರ್

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂತು. ಸೆಲೂನುಗಳ ಬಾಗಿಲು ಮುಚ್ಚಿತು. ಕರ್ನಾಟಕದಲ್ಲಿ ಅವು ಮತ್ತೆ ತೆರೆದದ್ದು ಮೇ 19ರಂದು, ಅದೂ ಕಂಟೈನ್‌ಮೆಂಟ್ ವಲಯಗಳನ್ನು ಬಿಟ್ಟು. ಅಂದರೆ ಸುಮಾರು 55 ದಿನ ಇಡೀ ರಾಜ್ಯಕ್ಕೆ ಕಟಿಂಗ್ ಇರಲಿಲ್ಲ. ಅನುಷ್ಕಾ ಶರ್ಮಾ ಅಡುಗೆಮನೆಯ ಕತ್ತರಿಯಿಂದ ವಿರಾಟ್ ಕೊಹ್ಲಿಯ ಕೂದಲು ಕತ್ತರಿಸಿದ ವಿಡಿಯೊ ಬಂದದ್ದು ಆ ಮಾರ್ಚ್ ತಿಂಗಳ ಕೊನೆಯಲ್ಲಿ. ಏಪ್ರಿಲ್‌ನಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಂಡ ಫೋಟೊ ಹಾಕಿದರು. ಅದನ್ನು ನೋಡಿದ ಊರೂರಿನ ಹುಡುಗರು ಕತ್ತರಿ ಹಿಡಿದರು.

ಕಾರವಾರ ತಾಲ್ಲೂಕಿನ ಕಿನ್ನರದಲ್ಲಿ, ಕಾಳಿ ನದಿಯ ದಂಡೆಯಲ್ಲಿರುವ ನಮ್ಮ ಮನೆಯಲ್ಲೂ ಅದೇ ಆಯಿತು. ಗೋವಾದಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಹುಡುಗ ಗಡಿ ಮುಚ್ಚುವ ಮೊದಲೇ ಊರಿಗೆ ಬಂದಿದ್ದ. ಅವನ ಬ್ಯಾಗಿನಲ್ಲಿ ಒಂದು ಟ್ರಿಮ್ಮರ್ ಇತ್ತು. ಒಂದು ವಾರದಲ್ಲಿ ಅದು ಐದು ಮನೆ ಸುತ್ತಿತು. ನಮ್ಮ ಮನೆಗೆ ಬಂದಾಗ ತಮ್ಮ ಮೊದಲು ತನ್ನ ತಲೆಯ ಮೇಲೆ ಓಡಿಸಿಕೊಂಡ, ಆಮೇಲೆ ಅಜ್ಜನನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿದ. “ತಮಾ, ಗದ್ದೆ ಕೊಯ್ದಂಗೆ ಕೊಯ್ಬೇಡ ಮತ್ತೆ” ಎಂದು ಅಜ್ಜ ನಗುತ್ತಲೇ ತಲೆ ಬಗ್ಗಿಸಿದರು. ಕೂದಲು ಮೆಟ್ಟಿಲು ಮೆಟ್ಟಿಲಾಗಿ ಬಂತು. ಅದು ನಗುವ ವಿಷಯ. ಆದರೆ ಕಿವಿಯ ಹಿಂದೆ ಟ್ರಿಮ್ಮರ್ ತಾಗಿ ಸಣ್ಣದೊಂದು ಗಾಯವಾಯಿತು. ಅಜ್ಜ ಹೃದಯದ ಕಾಯಿಲೆಗಾಗಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಗಾಯ ಸಾಸಿವೆ ಕಾಳಿನಷ್ಟೇ ಇದ್ದರೂ ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಆ ಐದು ಮನೆಗಳ ಪೈಕಿ ಮೂರರಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಕುತ್ತಿಗೆಯ ಹಿಂದೆ ಉಂಗುರದಂಥ ಕೆಂಪು ತುರಿಕೆ ಎದ್ದಿತ್ತು. ಗಜಕರ್ಣ. ಅದಕ್ಕೆ ಟ್ರಿಮ್ಮರ್ ಒಂದೇ ಕಾರಣ ಎಂದು ನಾವು ಹೇಳುವುದಿಲ್ಲ. ಕರಾವಳಿಯ ಸೆಕೆ, ಒಣಗದ ಟವೆಲು, ಒಬ್ಬರ ದಿಂಬನ್ನು ಇನ್ನೊಬ್ಬರು ಬಳಸುವುದು, ಎಲ್ಲವೂ ಕಾರಣವಿರಬಹುದು. ಆದರೆ ಐದು ಮನೆ ಸುತ್ತಿದ ಆ ಯಂತ್ರವನ್ನು ಯಾರೂ ಒಮ್ಮೆಯೂ ಸರಿಯಾಗಿ ಸ್ವಚ್ಛ ಮಾಡಿರಲಿಲ್ಲ ಎಂಬುದು ನಿಜ. ನಾವೂ ಮಾಡಿರಲಿಲ್ಲ.

ಮೊದಲು ಕೂದಲೆಂದರೆ ಏನು ಎಂದು ತಿಳಿಯೋಣ

ತಲೆಯ ಮೇಲೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ನಮ್ಮ ಉಗುರು, ಹಸುವಿನ ಕೊಂಬಿನ ಹೊರಕವಚ, ಇವೂ ಕೆರಾಟಿನ್‌ನಿಂದ ಆದವೇ. ಅದಕ್ಕೇ ಕೂದಲು ಕತ್ತರಿಸಿದರೆ ನೋವಾಗುವುದಿಲ್ಲ, ಕಿತ್ತರೆ ನೋವಾಗುತ್ತದೆ. ಜೀವ ಇರುವುದು ಚರ್ಮದ ಒಳಗೆ, ಕೂದಲಿನ ಬುಡದಲ್ಲಿ. ಅಲ್ಲಿ ಹೊಸ ಕೋಶಗಳು ಹುಟ್ಟಿ, ಹಳೆಯವನ್ನು ಮೇಲಕ್ಕೆ ತಳ್ಳುತ್ತಾ ಹೋಗುತ್ತವೆ.

ಈ ತಳ್ಳಾಟದ ವೇಗ ದಿನಕ್ಕೆ ಸುಮಾರು 0.35 ಮಿಲಿಮೀಟರ್, ಅಂದರೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆ 55 ದಿನಗಳಲ್ಲಿ ಪ್ರತಿಯೊಬ್ಬರ ಕೂದಲೂ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್ ಬೆಳೆದಿತ್ತು. ಕಿವಿಯ ಮೇಲೆ ಬಂದು ಕಿರಿಕಿರಿ ಮಾಡಲು ಅಷ್ಟು ಸಾಕು.

ಇದೇ ಲೆಕ್ಕ ಮನೆಯಲ್ಲಿ ಕಟಿಂಗ್ ಮಾಡುವವರಿಗೆ ಧೈರ್ಯವನ್ನೂ ಕೊಡುತ್ತದೆ. ಒಂದು ಕಡೆ ಒಂದು ಸೆಂಟಿಮೀಟರ್ ಹೆಚ್ಚು ಕತ್ತರಿಸಿಬಿಟ್ಟಿರಾ? ಒಂದು ತಿಂಗಳು ಟೋಪಿ ಹಾಕಿಕೊಂಡರೆ ಮುಗಿಯಿತು. ಕೂದಲಿನ ತಪ್ಪನ್ನು ಕಾಲವೇ ಸರಿಮಾಡುತ್ತದೆ.

ಫಾರ್ವರ್ಡ್ ಹೇಳುವುದೇನು, ನಿಜವೇನು?

1. ‘ಪದೇಪದೇ ಕತ್ತರಿಸಿದರೆ, ಬೋಳಿಸಿದರೆ ಕೂದಲು ದಪ್ಪ ಬರುತ್ತದೆ’

ಸುಳ್ಳು. ಇದನ್ನು ವಿಜ್ಞಾನಿಗಳು ಸುಮಾರು ನೂರು ವರ್ಷಗಳ ಹಿಂದೆಯೇ ಪರೀಕ್ಷಿಸಿದ್ದಾರೆ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಅವರು 1928ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೋಳಿಸುವುದರಿಂದ ಕೂದಲಿನ ಬೆಳವಣಿಗೆಯಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. 1970ರ ಇನ್ನೊಂದು ಅಧ್ಯಯನದಲ್ಲಿ ಐವರು ಯುವಕರ ಒಂದು ಕಾಲನ್ನು ಮಾತ್ರ ಕೆಲವು ತಿಂಗಳು ವಾರಕ್ಕೊಮ್ಮೆ ಬೋಳಿಸಿ, ಇನ್ನೊಂದು ಕಾಲಿನೊಂದಿಗೆ ಹೋಲಿಸಿದರು. ದಪ್ಪದಲ್ಲೂ ವೇಗದಲ್ಲೂ ವ್ಯತ್ಯಾಸ ಇರಲಿಲ್ಲ.

ಹಾಗಾದರೆ ಕೈಗೆ ಒರಟಾಗಿ ಸಿಗುವುದೇಕೆ? ಮೊದಲ ಸಲ ಬೆಳೆದ ಕೂದಲಿನ ತುದಿ ಚೂಪಾಗಿ, ತೆಳುವಾಗಿ ಇರುತ್ತದೆ. ಬ್ಲೇಡು ಅದನ್ನು ನಡುವೆ ಅಡ್ಡ ಕತ್ತರಿಸುತ್ತದೆ. ಭತ್ತದ ಪೈರಿನ ತುದಿ ಮುಟ್ಟಿದರೆ ಮೆತ್ತಗೆ, ಕೊಯ್ದ ಮೇಲೆ ಉಳಿದ ಕೂಳೆಯ ಮೇಲೆ ಬರಿಗಾಲು ಇಟ್ಟರೆ ಚುಚ್ಚುತ್ತದೆ. ಪೈರು ದಪ್ಪವಾಗಿಲ್ಲ, ನಾವು ಮುಟ್ಟುವ ಜಾಗ ಬದಲಾಗಿದೆ ಅಷ್ಟೆ. ಕತ್ತರಿಗೂ ಚರ್ಮದೊಳಗಿನ ಬುಡಕ್ಕೂ ಸಂಬಂಧವೇ ಇಲ್ಲ.

2. ‘ಮಗುವಿನ ತಲೆ ಬೋಳಿಸದಿದ್ದರೆ ಒಳ್ಳೆ ಕೂದಲು ಬರುವುದಿಲ್ಲ’

ಸುಳ್ಳು. ಹುಟ್ಟಿದಾಗ ಇರುವ ನವಿರಾದ ಕೂದಲು ಮೊದಲ ತಿಂಗಳುಗಳಲ್ಲಿ ತಾನಾಗಿಯೇ ಉದುರಿ, ಅದರ ಜಾಗದಲ್ಲಿ ಬೇರೆ ಕೂದಲು ಬರುತ್ತದೆ. ಬೋಳಿಸಿದರೂ ಬರುತ್ತದೆ, ಬೋಳಿಸದಿದ್ದರೂ ಬರುತ್ತದೆ. ಜಾವಳ ತೆಗೆಸುವುದು ನಿಮ್ಮ ಮನೆಯ ಪದ್ಧತಿಯಾದರೆ ಅದು ನಿಮ್ಮ ನಂಬಿಕೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ವಿಡಿಯೊ ನೋಡಿಕೊಂಡು ಮನೆಯಲ್ಲೇ ಬ್ಲೇಡು ಹಿಡಿಯಬೇಡಿ. ಮಗುವಿನ ನೆತ್ತಿಯ ಮೆತ್ತನೆಯ ಜಾಗ ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ ಒಂದೂವರೆ ವರ್ಷದವರೆಗೂ ಬೇಕಾಗುತ್ತದೆ, ಮತ್ತು ಮಗು ಯಾವ ಕ್ಷಣದಲ್ಲಿ ತಲೆ ತಿರುಗಿಸುತ್ತದೆ ಎಂದು ಹೇಳಲಾಗದು. ಅಭ್ಯಾಸವಿರುವ ಕೈಯೇ ಬೇಕು, ಬ್ಲೇಡು ನಿಮ್ಮ ಕಣ್ಣೆದುರೇ ಬಿಚ್ಚಿದ ಹೊಸದೇ ಆಗಬೇಕು.

3. ‘ಮಂಗಳವಾರ, ಶನಿವಾರ, ರಾತ್ರಿ ಹೊತ್ತು ಕತ್ತರಿಸಬಾರದು. ಹುಣ್ಣಿಮೆಗೆ ಕತ್ತರಿಸಿದರೆ ಬೇಗ ಬೆಳೆಯುತ್ತದೆ’

ಕೂದಲಿನ ಬುಡಕ್ಕೆ ವಾರವೂ ತಿಥಿಯೂ ಗೊತ್ತಾಗುವುದಿಲ್ಲ. ಹುಣ್ಣಿಮೆಗೂ ಅಮಾವಾಸ್ಯೆಗೂ ಬೆಳವಣಿಗೆ ಒಂದೇ. ಕರ್ನಾಟಕದ ಹಲವು ಊರುಗಳಲ್ಲಿ ಮಂಗಳವಾರ ಸೆಲೂನಿಗೆ ರಜೆ ಇರುವುದು ರೂಢಿ, ಕೆಲಸ ಮಾಡುವವರಿಗೆ ಅದು ವಾರದ ವಿಶ್ರಾಂತಿ. ರಾತ್ರಿ ಬೇಡ ಎಂಬ ಮಾತಿನಲ್ಲಿ ಮಾತ್ರ ಒಂದು ವಿವೇಕವಿದೆ: ಮಂದ ಬೆಳಕಿನಲ್ಲಿ ಕತ್ತರಿ ಹಿಡಿದರೆ ಕಿವಿಗೆ ತಾಗುತ್ತದೆ, ಬಿದ್ದ ಕೂದಲೂ ಕಾಣುವುದಿಲ್ಲ. ಹಗಲು ಬೆಳಕಿನಲ್ಲಿ ಮಾಡಿ, ಯಾವ ವಾರವಾದರೂ ಸರಿ.

4. ‘ಪಟಿಕ ಉಜ್ಜಿದರೆ ಎಲ್ಲ ಕ್ರಿಮಿ ಸಾಯುತ್ತವೆ’

ಅರ್ಧ ನಿಜ, ಅರ್ಧ ಅಪಾಯ. ಪಟಿಕ, ಅಂದರೆ ಆಲಂ ಕಲ್ಲು, ಗಾಯದ ಬಾಯಿಯನ್ನು ಬಿಗಿಸಿ ಸಣ್ಣಪುಟ್ಟ ರಕ್ತ ನಿಲ್ಲಿಸುತ್ತದೆ. ಆದರೆ ಅದು ಬ್ಲೇಡಿನ ಮೇಲಿರುವ ವೈರಸ್ಸನ್ನು ಕೊಲ್ಲುತ್ತದೆ ಎಂದು ನಂಬಿಕೊಳ್ಳಬೇಡಿ. ಒಂದೇ ಕಲ್ಲನ್ನು ಹತ್ತು ಜನರ ಗಾಯಕ್ಕೆ ಉಜ್ಜಿದರೆ ಆ ಕಲ್ಲೇ ಸೋಂಕಿನ ದಾರಿಯಾಗಬಹುದು. ಪಟಿಕ ಬಳಸುವುದಾದರೆ ನಿಮ್ಮದು ನಿಮಗೆ.

5. ‘ತುಕ್ಕು ಹಿಡಿದ ಬ್ಲೇಡಿನಿಂದ ಧನುರ್ವಾಯು ಬರುತ್ತದೆ, ಹೊಳೆಯುವ ಬ್ಲೇಡಿಗೆ ಭಯವಿಲ್ಲ’

ತುಕ್ಕಿನಿಂದ ಧನುರ್ವಾಯು ಬರುವುದಿಲ್ಲ. ಅದು ಬರುವುದು ಮಣ್ಣು, ಗೊಬ್ಬರ, ದೂಳಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ. ಕಾರವಾರ, ಅಂಕೋಲಾದಂಥ ಸಮುದ್ರದಂಡೆಯ ಊರುಗಳಲ್ಲಿ ಉಪ್ಪುಗಾಳಿಗೆ ಬ್ಲೇಡು ಬೇಗ ತುಕ್ಕು ಹಿಡಿಯುವುದು ನಿಜ. ತುಕ್ಕು ಹಿಡಿದ ಅಂಚು ಮೊಂಡಾಗಿ ಚರ್ಮವನ್ನು ತರಿಯುತ್ತದೆ, ಹಾಗಾಗಿ ಅದನ್ನು ಎಸೆಯಿರಿ. ಆದರೆ ಫಳಫಳ ಹೊಳೆಯುವ ಬ್ಲೇಡಿನ ಮೇಲೂ ಇನ್ನೊಬ್ಬರ ರಕ್ತದ ಕಣ್ಣಿಗೆ ಕಾಣದ ಅಂಶ ಇರಬಹುದು. ಹೊಳಪು ನೋಡಿ ನಂಬಬೇಡಿ.

ನಿಜವಾದ ಅಪಾಯ ಎಲ್ಲಿದೆ?

ಬ್ಲೇಡು, ರೇಜರ್, ಟ್ರಿಮ್ಮರ್ ಚರ್ಮವನ್ನು ಮುಟ್ಟುವ ವಸ್ತುಗಳು. ಒಬ್ಬರ ಚರ್ಮದಿಂದ ಇನ್ನೊಬ್ಬರ ಚರ್ಮಕ್ಕೆ ಅವು ಮುಖ್ಯವಾಗಿ ಎರಡನ್ನು ಹೊತ್ತೊಯ್ಯಬಲ್ಲವು.

ಮೊದಲನೆಯದು ಶಿಲೀಂಧ್ರ, ಅಂದರೆ ಫಂಗಸ್. ಗಜಕರ್ಣ, ಹುಳುಕಡ್ಡಿ ಎಂದು ನಾವು ಕರೆಯುವುದು ಇದನ್ನೇ. ಹೆಸರಿನಲ್ಲಿ ಹುಳು ಇದ್ದರೂ ಕಾಯಿಲೆಯಲ್ಲಿ ಹುಳುವಿಲ್ಲ. ಬೆಚ್ಚಗಿನ, ತೇವದ ಜಾಗ ಇದಕ್ಕೆ ಇಷ್ಟ. ಕರಾವಳಿಯ ಜೂನ್‌ನಿಂದ ಸೆಪ್ಟೆಂಬರ್ ಅದಕ್ಕೆ ಹಬ್ಬದ ಕಾಲ. ಮಕ್ಕಳ ತಲೆಗೆ ಬಂದರೆ ಕೂದಲು ಬುಡದಲ್ಲೇ ಮುರಿದು, ಬೋಳು ಬೋಳಾದ ಹೊಟ್ಟಿನ ಮಚ್ಚೆಗಳಾಗುತ್ತವೆ. ತಲೆಯ ಗಜಕರ್ಣಕ್ಕೆ ಮೇಲೆ ಹಚ್ಚುವ ಮುಲಾಮು ಮಾತ್ರ ಸಾಲದು. ಫಂಗಸ್ ಕೂದಲಿನ ಬುಡದೊಳಗೆ ಇರುವುದರಿಂದ ವೈದ್ಯರು ಕೊಡುವ ಮಾತ್ರೆ ಅಥವಾ ಸಿರಪ್ಪನ್ನು ಕೆಲವು ವಾರ ಕುಡಿಯಬೇಕಾಗುತ್ತದೆ.

ಇಲ್ಲೊಂದು ದೊಡ್ಡ ತಪ್ಪು ನಡೆಯುತ್ತಿದೆ. ತುರಿಕೆ ಬಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ‘ಒಂದು ಮುಲಾಮು ಕೊಡಿ’ ಎನ್ನುತ್ತೇವೆ. ಅಂಥ ಹಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ತಗ್ಗಿಸುತ್ತದೆ, ಆದರೆ ಫಂಗಸ್ಸನ್ನು ಕೊಲ್ಲುವುದಿಲ್ಲ. ಚರ್ಮದ ರಕ್ಷಣೆ ಕುಗ್ಗಿ ಅದು ಒಳಗೊಳಗೇ ಹರಡುತ್ತದೆ. ಭಾರತದಲ್ಲಿ ವಾಸಿಯಾಗಲು ಸತಾಯಿಸುವ ಗಜಕರ್ಣ ಹೆಚ್ಚಾಗಲು ಇದೂ ಒಂದು ಕಾರಣ ಎಂದು ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ. ನಮ್ಮ ಮನೆಯಲ್ಲೂ ಆಯಿ ಮೊದಲು ತರಿಸಿದ್ದು ಅಂಥ ಮುಲಾಮನ್ನೇ. ಹಚ್ಚಿದಷ್ಟು ದಿನ ಸುಮ್ಮನಿದ್ದ ಉಂಗುರ, ನಿಲ್ಲಿಸಿದ ಮೇಲೆ ಇನ್ನೂ ದೊಡ್ಡದಾಗಿ ಎದ್ದಿತು.

ಎರಡನೆಯದು ರಕ್ತದಿಂದ ಹರಡುವ ವೈರಸ್ಸುಗಳು. ಇವುಗಳಲ್ಲಿ ರೇಜರ್ ವಿಷಯಕ್ಕೆ ಬಂದರೆ ಹೆಚ್ಚು ಎಚ್ಚರ ಬೇಕಾದದ್ದು ಹೆಪಟೈಟಿಸ್ ಬಿ. ಇದು ಯಕೃತ್ತಿಗೆ ತಗಲುವ ವೈರಸ್, ಕಾಮಾಲೆಗೆ ಕಾರಣವಾಗುವ ವೈರಸ್ಸುಗಳಲ್ಲಿ ಒಂದು. ದೇಹದ ಹೊರಗೆ, ಒಣಗಿದ ರಕ್ತದಲ್ಲೂ ಇದು ಕನಿಷ್ಠ ಏಳು ದಿನ ಬದುಕಿರಬಲ್ಲದು. ಸೋಂಕಿರುವ ಎಷ್ಟೋ ಜನರಿಗೆ ತಮಗೆ ಸೋಂಕಿದೆ ಎಂದೇ ಗೊತ್ತಿರುವುದಿಲ್ಲ. ಹಾಗಾಗಿ ‘ಅವರು ನಮ್ಮವರೇ, ಆರೋಗ್ಯವಾಗಿದ್ದಾರೆ’ ಎಂದು ರೇಜರ್ ಹಂಚಿಕೊಳ್ಳುವುದು ಸರಿಯಲ್ಲ. ಗಂಡ ಹೆಂಡತಿ, ಅಣ್ಣ ತಮ್ಮ, ಹಾಸ್ಟೆಲ್ ಗೆಳೆಯರು, ಯಾರೇ ಆಗಲಿ ರೇಜರ್ ಮತ್ತು ಬ್ಲೇಡು ಒಬ್ಬರಿಗೆ ಒಂದೇ.

ಹೆದರಿಸುವುದು ನಮ್ಮ ಉದ್ದೇಶವಲ್ಲ. ಹೆಪಟೈಟಿಸ್ ಬಿಗೆ ಒಳ್ಳೆಯ ಲಸಿಕೆ ಇದೆ. 2011ರಿಂದ ಇದು ದೇಶದಾದ್ಯಂತ ಮಕ್ಕಳ ಉಚಿತ ಲಸಿಕಾ ಕಾರ್ಯಕ್ರಮದಲ್ಲಿದೆ. ಅದಕ್ಕಿಂತ ಮೊದಲು ಹುಟ್ಟಿದ ಅನೇಕರಿಗೆ ಲಸಿಕೆ ಆಗಿಲ್ಲ. ದೊಡ್ಡವರು ವೈದ್ಯರನ್ನು ಕೇಳಿ ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ಮೂರು ಡೋಸ್ ಹಾಕಿಸಿಕೊಳ್ಳಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಡೆಟಾಲ್‌ನಲ್ಲಿ ಅದ್ದಿದರೆ ಸಾಕೇ? ಸಾಲದು. ಬ್ಲೇಡಿನ ಮೇಲೆ ಕೂದಲು, ಎಣ್ಣೆ, ರಕ್ತ ಅಂಟಿಕೊಂಡಿದ್ದರೆ ಯಾವ ದ್ರಾವಣವೂ ಒಳಗೆ ತಲುಪುವುದಿಲ್ಲ. ಅಂದಾಜಿನಲ್ಲಿ ನೀರು ಬೆರೆಸಿ, ಒಂದು ಕ್ಷಣ ಅದ್ದಿ ತೆಗೆದರೆ ಅದು ಮನಸ್ಸಿನ ಸಮಾಧಾನ ಮಾತ್ರ. ಬ್ಲೇಡಿನ ಬೆಲೆ ಕೆಲವೇ ರೂಪಾಯಿ. ಹೊಸದನ್ನೇ ಹಾಕಿ.

ಕತ್ತು ಲಟಕ್ ಅನ್ನಿಸಬೇಡಿ

ಕಟಿಂಗ್ ಮುಗಿದ ಮೇಲೆ ತಲೆ ತಟ್ಟಿ, ಕತ್ತನ್ನು ಫಟ್ಟನೆ ಎರಡೂ ಕಡೆ ತಿರುಗಿಸಿ ‘ಲಟಕ್’ ಅನ್ನಿಸುವುದನ್ನು ಕೆಲವರು ಮನೆಯಲ್ಲೂ ಮಾಡುತ್ತಾರೆ. ಕಟಿಂಗ್ ಕಲಿಸುವ ವಿಡಿಯೊಗಳಲ್ಲೂ ಇದು ಸಿಗುತ್ತದೆ. ಇದನ್ನು ದಯವಿಟ್ಟು ಮಾಡಬೇಡಿ, ಮಾಡಿಸಿಕೊಳ್ಳಲೂ ಬೇಡಿ. ಕತ್ತಿನ ಮೂಳೆಗಳ ನಡುವಿನಿಂದ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಜೋರಾಗಿ ತಿರುಚಿದಾಗ ಅಪರೂಪಕ್ಕೆ ಅವುಗಳ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಬಳ್ಳಾರಿಯ ಯುವಕರೊಬ್ಬರಿಗೆ ತಲೆ ಮಸಾಜಿನ ವೇಳೆ ಕತ್ತು ತಿರುಚಿದ ಬಳಿಕ ಹೀಗೇ ಆಯಿತೆಂದು 2024ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಕತ್ತು ತಿರುಚಿದ ಮೇಲೆ ತಲೆಸುತ್ತು, ಮಾತು ತೊದಲುವುದು, ಒಂದು ಕಡೆ ಶಕ್ತಿ ಕುಂದುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಾಗಾದರೆ ಮನೆಯಲ್ಲಿ ಹೇಗೆ ಕತ್ತರಿಸಬೇಕು?

ಜಾಗ: ಹಗಲು ಬೆಳಕು ಬೀಳುವ ಅಂಗಳ ಅಥವಾ ವರಾಂಡ. ಕೆಳಗೆ ಹಳೆಯ ಪೇಪರ್, ಹೆಗಲಿಗೆ ಹಳೆಯ ಸೀರೆಯ ತುಂಡು. ಬಚ್ಚಲುಮನೆ ಬೇಡ. ಕೂದಲು ನೀರಿನಲ್ಲಿ ಕರಗುವುದಿಲ್ಲ, ಪೈಪಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚಾರ್ಜರ್ ಸಿಕ್ಕಿಸಿದ ಟ್ರಿಮ್ಮರ್ ಅನ್ನು ಒದ್ದೆ ಕೈಯಲ್ಲಿ ಹಿಡಿಯಲೇಬಾರದು.

ಕತ್ತರಿ: ಅಡುಗೆಮನೆಯದೂ ಬೇಡ, ಬಟ್ಟೆ ಕತ್ತರಿಸುವುದೂ ಬೇಡ. ಮೊಂಡು ಕತ್ತರಿಯಲ್ಲಿ ಕೂದಲು ತುಂಡಾಗುವ ಮೊದಲು ಮಡಚಿ ಜಾರುತ್ತದೆ, ಅದಕ್ಕೇ ಸಾಲು ವಕ್ರವಾಗುತ್ತದೆ. ಕೂದಲು ಕತ್ತರಿಸುವ ಕತ್ತರಿ ಸಿಗುತ್ತದೆ. ಅದನ್ನು ಬೇರೆ ಯಾವುದಕ್ಕೂ ಬಳಸಬೇಡಿ.

ನಂಬರು: ಟ್ರಿಮ್ಮರ್ ಜೊತೆ ಬರುವ ಬಾಚಣಿಗೆಯಂಥ ಗಾರ್ಡ್‌ಗಳ ಮೇಲೆ ನಂಬರ್ ಇರುತ್ತದೆ. ಸಾಮಾನ್ಯವಾಗಿ 1 ಎಂದರೆ 3 ಮಿಲಿಮೀಟರ್, 2 ಎಂದರೆ 6, 3 ಎಂದರೆ ಸುಮಾರು 10, 4 ಎಂದರೆ ಸುಮಾರು 13 ಮಿಲಿಮೀಟರ್ ಕೂದಲು ಉಳಿಯುತ್ತದೆ. ಕೆಲವು ಕಂಪನಿಗಳು ನೇರವಾಗಿ ಮಿಲಿಮೀಟರನ್ನೇ ಬರೆದಿರುತ್ತವೆ, ಮೊದಲು ನೋಡಿಕೊಳ್ಳಿ. ಯಾವಾಗಲೂ ದೊಡ್ಡ ನಂಬರಿನಿಂದ ಶುರು ಮಾಡಿ. ದೊಡ್ಡದರಿಂದ ಸಣ್ಣದಕ್ಕೆ ಇಳಿಯಬಹುದು, ಸಣ್ಣದರಿಂದ ದೊಡ್ಡದಕ್ಕೆ ಏರಲು ಒಂದು ತಿಂಗಳು ಬೇಕು. ಗಾರ್ಡ್ ಸರಿಯಾಗಿ ಕೂತಿದೆಯೇ ಎಂದು ಪ್ರತಿ ಸಲ ನೋಡಿ. ಅದು ಕಳಚಿ ಬಿದ್ದರೆ ತಲೆಯ ನಡುವೆ ಕಾಲುದಾರಿ ಬೀಳುತ್ತದೆ.

ಒದ್ದೆಯೋ ಒಣವೋ: ಟ್ರಿಮ್ಮರ್ ಬಳಸುವುದಾದರೆ ಎಣ್ಣೆಯಿಲ್ಲದ, ಪೂರ್ತಿ ಒಣಗಿದ ಕೂದಲು ಬೇಕು. ಕತ್ತರಿಯಾದರೆ ಸ್ವಲ್ಪ ತೇವ ಸಾಕು. ಒದ್ದೆ ಕೂದಲನ್ನು ಎಳೆದು ಹಿಡಿದರೆ ಅದು ತನ್ನ ಉದ್ದದ ಮೂರನೇ ಒಂದು ಭಾಗದವರೆಗೂ ಹಿಗ್ಗಬಹುದು, ಒಣಗಿದ ಮೇಲೆ ಕುಗ್ಗುತ್ತದೆ. ಗುಂಗುರು ಕೂದಲಾದರೆ ಇನ್ನೂ ಮೇಲಕ್ಕೆ ಏರುತ್ತದೆ. ಮುಂಗುರುಳು ಕತ್ತರಿಸಲು ಹೋಗಿ ಹಣೆಯ ಮಧ್ಯಕ್ಕೆ ನಿಲ್ಲಿಸಿಕೊಂಡವರ ಕಥೆಗಳ ಹಿಂದಿನ ವಿಜ್ಞಾನ ಇಷ್ಟೇ. ಬೇಕಾದ್ದಕ್ಕಿಂತ ಎರಡು ಬೆರಳು ಉದ್ದ ಬಿಟ್ಟು ಕತ್ತರಿಸಿ, ಒಣಗಿದ ಮೇಲೆ ನೋಡಿ, ಬೇಕಿದ್ದರೆ ಇನ್ನಷ್ಟು ತೆಗೆಯಿರಿ.

ಸುಳಿ: ನೆತ್ತಿಯ ಸುಳಿಯ ಸುತ್ತ ಕೂದಲು ಬೇರೆ ಬೇರೆ ದಿಕ್ಕಿಗೆ ಬಾಗಿರುತ್ತದೆ. ಅಲ್ಲಿ ತೀರಾ ಗಿಡ್ಡ ಮಾಡಿದರೆ ಕೂದಲು ನೆಟ್ಟಗೆ ನಿಲ್ಲುತ್ತದೆ. ಸುಳಿಯ ಹತ್ತಿರ ಒಂದು ನಂಬರ್ ಹೆಚ್ಚೇ ಇರಲಿ.

ಕಿವಿ ಮತ್ತು ಕೃತಾ: ಇಲ್ಲಿಯೇ ಹೆಚ್ಚು ಗಾಯವಾಗುವುದು. ಕಿವಿಯನ್ನು ನಿಮ್ಮ ಬೆರಳಿನಿಂದ ಮಡಚಿ ಹಿಡಿದು, ಬೆರಳು ಕತ್ತರಿಗೂ ಕಿವಿಗೂ ನಡುವೆ ಇರುವಂತೆ ನೋಡಿಕೊಳ್ಳಿ. ನಿಮ್ಮ ಕೂದಲನ್ನು ನೀವೇ ಕತ್ತರಿಸುವುದಾದರೆ ಹಿಂಭಾಗವನ್ನು ಮಾತ್ರ ಇನ್ನೊಬ್ಬರಿಗೆ ಬಿಡಿ. ಕನ್ನಡಿಯಲ್ಲಿ ನೋಡಿಕೊಂಡು ತಲೆಯ ಹಿಂದೆ ಕೈ ಆಡಿಸುವಾಗ ಕೈ ಅತ್ತ ಹೋಗಬೇಕೆಂದರೆ ಇತ್ತ ಬರುತ್ತದೆ.

ಕುತ್ತಿಗೆಯ ಹಿಂಭಾಗ: ಝೀರೋ ಮಷಿನ್ ಹೊಡೆದು ನುಣ್ಣಗೆ ಮಾಡಬೇಕೆಂದಿಲ್ಲ. ತೀರಾ ಬುಡಕ್ಕೆ ಕತ್ತರಿಸಿದ ಗುಂಗುರು ಕೂದಲು ಚರ್ಮದೊಳಕ್ಕೇ ತಿರುಗಿ ಬೆಳೆದು ಗುಳ್ಳೆಗಳಾಗಬಹುದು. ಮೂರು ಮಿಲಿಮೀಟರ್ ಬಿಟ್ಟರೆ ಈ ತೊಂದರೆ ಕಡಿಮೆ.

ಸ್ವಚ್ಛತೆ: ಪ್ರತಿಯೊಬ್ಬರ ಕಟಿಂಗ್ ಆದ ಮೇಲೆ ಟ್ರಿಮ್ಮರ್ ಆಫ್ ಮಾಡಿ, ಸಣ್ಣ ಬ್ರಷ್ಷಿನಿಂದ ಕೂದಲನ್ನೆಲ್ಲ ತೆಗೆಯಿರಿ. ಗಾರ್ಡ್, ಬಾಚಣಿಗೆಯನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ. ಟ್ರಿಮ್ಮರ್‌ನ ಹಲ್ಲುಗಳನ್ನು ಶೇ 70ರ ಆಲ್ಕೋಹಾಲ್ ಇರುವ ಸ್ಪಿರಿಟ್‌ನಲ್ಲಿ ನೆನೆಸಿದ ಹತ್ತಿಯಿಂದ ಒರೆಸಿ, ಅದು ತಾನಾಗಿ ಆರುವವರೆಗೆ ಬಿಡಿ. ಸ್ಪಿರಿಟ್ ಹತ್ತಿರ ಬೆಂಕಿ ಬೇಡ. ತಲೆಯಲ್ಲಿ ಗಜಕರ್ಣ, ಹುಣ್ಣು, ಹೇನು ಇರುವವರಿಗೆ ಬಳಸಿದ ಯಂತ್ರವನ್ನು ಇನ್ನೊಬ್ಬರಿಗೆ ಬಳಸಬೇಡಿ. ಟವೆಲನ್ನು ಒಬ್ಬರಿಗೊಂದರಂತೆ ಇಟ್ಟು, ಬಳಸಿದ ಮೇಲೆ ಬಿಸಿನೀರಲ್ಲಿ ಒಗೆದು ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಈ ಕೊನೆಯ ಮಾತು ಕಷ್ಟ ಎಂಬುದು ನಮಗೂ ಗೊತ್ತು. ಇಸ್ತ್ರಿ ಹಾಕಿಯಾದರೂ ಒಣಗಿಸಿ.

ಬಿದ್ದ ಕೂದಲು: ಮಾಟಮಂತ್ರದ ಭಯ ಬೇಡ. ಕೂದಲಿನಲ್ಲಿ ಶೇ 15ರಷ್ಟು ಸಾರಜನಕ ಇರುತ್ತದೆ. ತೆಂಗಿನ ಬುಡದಲ್ಲಿ ಮಣ್ಣು ಮುಚ್ಚಿದರೆ ನಿಧಾನವಾಗಿ ಕರಗಿ ಗೊಬ್ಬರವಾಗುತ್ತದೆ.

ರಕ್ತ ಬಂದರೆ ಏನು ಮಾಡಬೇಕು?

ಸ್ವಚ್ಛ ಬಟ್ಟೆಯಿಂದ ಗಾಯವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ನಿಂತ ಮೇಲೆ ಸೋಪು, ನೀರಿನಿಂದ ತೊಳೆಯಿರಿ. ಅರಿಸಿನ, ಕಾಫಿಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಗಾಯ ಆಳವಾಗಿದ್ದರೆ, ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿತ್ತು ಎಂಬುದನ್ನೂ ವೈದ್ಯರಿಗೆ ಹೇಳಿ.

ಇನ್ನೊಬ್ಬರ ರಕ್ತ ತಾಗಿದ್ದ ಬ್ಲೇಡಿನಿಂದ ನಿಮಗೆ ಗಾಯವಾದರೆ ಕೂಡಲೇ ಸೋಪು, ನೀರಿನಿಂದ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯವನ್ನು ಹಿಂಡಬೇಡಿ. ಹೆಪಟೈಟಿಸ್ ಬಿ ಲಸಿಕೆ ಆಗ ಬೇಗ ಕೊಟ್ಟಷ್ಟೂ ಒಳ್ಳೆಯದು. ಎಚ್‌ಐವಿ ತಡೆಯುವ ಔಷಧ ಬೇಕೆಂದು ವೈದ್ಯರಿಗೆ ಅನ್ನಿಸಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಹೀಗೆ ಎಚ್‌ಐವಿ ಬರುವ ಸಾಧ್ಯತೆ ತೀರಾ ಕಡಿಮೆ. ಹಾಗಾಗಿ ಗಾಬರಿ ಬೇಡ, ತಡವೂ ಬೇಡ.

ಯಾರ ಬಗ್ಗೆ ಹೆಚ್ಚು ಎಚ್ಚರ ಬೇಕು?

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ತಲೆಯ ಮೇಲೆ ಗಂಟು, ಗಾಯ, ಹುಣ್ಣು ಇರುವವರು. ಇವರಿಗೆ ಬರಿಯ ಬ್ಲೇಡು ಬೇಡವೇ ಬೇಡ. ಗಾರ್ಡ್ ಹಾಕಿದ ಟ್ರಿಮ್ಮರ್ ಸಾಕು, ಏಕೆಂದರೆ ಗಾರ್ಡ್ ಇದ್ದಾಗ ಹಲ್ಲುಗಳು ಚರ್ಮಕ್ಕೆ ನೇರವಾಗಿ ತಾಗುವುದಿಲ್ಲ. ನಮ್ಮ ತಮ್ಮ ಅಜ್ಜನ ಕಿವಿಯ ಹಿಂದೆ ಅಂದ ಮಾಡಲು ಗಾರ್ಡ್ ತೆಗೆದಿದ್ದ. ಗಾಯವಾದದ್ದು ಆಗಲೇ.

ಹಾಗೆಂದು ಹಿರಿಯರ ಕಟಿಂಗನ್ನು ಮನೆಯಲ್ಲಿ ಮಾಡಬಾರದು ಎಂದಲ್ಲ. ಹಾಸಿಗೆ ಹಿಡಿದವರಿಗೆ, ಸೆಲೂನಿನವರೆಗೆ ನಡೆಯಲಾಗದವರಿಗೆ ಮನೆ ಕಟಿಂಗ್ ಒಂದು ಉಪಕಾರವೇ. ತಲೆ ಹಗುರಾದರೆ ಸ್ನಾನ ಸುಲಭ, ಸೆಕೆಗುಳ್ಳೆ ಕಡಿಮೆ, ಮನಸ್ಸಿಗೂ ಹಿತ. ಕೂದಲು ಸರಿಸಿ ನೆತ್ತಿಯನ್ನು, ಕಿವಿಯ ಹಿಂಬದಿಯನ್ನು ನೋಡುವಾಗ ಅವರ ಗಮನಕ್ಕೇ ಬಾರದ ಹುಣ್ಣೋ ಗಂಟೋ ನಮ್ಮ ಕಣ್ಣಿಗೆ ಬೀಳುವುದೂ ಉಂಟು.

ಸೆಲೂನಿನವರ ಕೈಗೂ ಬೆಲೆಯಿದೆ

ಆ 55 ದಿನ ನಮಗೆ ಕೂದಲಿನ ಚಿಂತೆಯಾಗಿತ್ತು. ಸೆಲೂನು ನಡೆಸುವವರಿಗೆ ಅದು ಊಟದ ಚಿಂತೆಯಾಗಿತ್ತು. 2020ರ ಮೇ 6ರಂದು ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಒಂದು ಸಲದ ನೆರವು ಘೋಷಿಸಿತು. ಎರಡು ತಿಂಗಳ ಬಾಡಿಗೆ, ಮನೆಖರ್ಚಿಗೆ ಅದು ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಮನೆಯಲ್ಲಿ ಒಮ್ಮೆ ಕತ್ತರಿ ಹಿಡಿದು ನೋಡಿದವರಿಗೆ ಈ ಕೆಲಸದ ಕಷ್ಟ ಗೊತ್ತಾಗುತ್ತದೆ. ಈ ವೃತ್ತಿಯ ಹೆಸರನ್ನು ಬೈಗುಳವಾಗಿ ಬಳಸುವ ಜೋಕುಗಳೂ ಫಾರ್ವರ್ಡ್ ಆಗುತ್ತಿರುತ್ತವೆ. ಅವನ್ನು ಅಲ್ಲಿಯೇ ನಿಲ್ಲಿಸಿ.

ಸೆಲೂನಿಗೆ ಹೋದಾಗ ಎರಡು ವಿಷಯ ಕೇಳಲು ಸಂಕೋಚ ಬೇಡ: ನಮ್ಮೆದುರೇ ಹೊಸ ಬ್ಲೇಡು ಹಾಕಿ, ಒಗೆದ ಟವೆಲು ಕೊಡಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಕೇಳುವ ಮೊದಲೇ ಮಾಡುವವರೂ ಬಹಳ ಜನ ಇದ್ದಾರೆ.

ಅಜ್ಜನ ಗಾಯ ನಾಲ್ಕು ದಿನದಲ್ಲಿ ಮಾಯಿತು. ಮೆಟ್ಟಿಲು ಮೆಟ್ಟಿಲಾದ ಕೂದಲು ಒಂದು ತಿಂಗಳಲ್ಲಿ ಸರಿಹೋಯಿತು. ಮೂರು ಮನೆಗಳ ಗಜಕರ್ಣ ಪೂರ್ತಿ ಹೋಗಲು ಮಾತ್ರ ದೀಪಾವಳಿಯವರೆಗೆ ಕಾಯಬೇಕಾಯಿತು. ಈಗ ನಮ್ಮ ಮನೆಯಲ್ಲಿ ಒಂದು ಟ್ರಿಮ್ಮರ್, ಒಂದು ಸ್ಪಿರಿಟ್ ಬಾಟಲಿ, ಒಬ್ಬೊಬ್ಬರಿಗೆ ಒಂದು ರೇಜರ್ ಇದೆ. ಪಕ್ಕದ ಮನೆಯವರು ಟ್ರಿಮ್ಮರ್ ಕೇಳಿದರೆ ಕೊಡುತ್ತೇವೆ. ಜೊತೆಗೆ ಸ್ಪಿರಿಟ್ ಬಾಟಲಿಯನ್ನೂ ಕೊಡುತ್ತೇವೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

• ಕತ್ತರಿಸುವುದರಿಂದ, ಬೋಳಿಸುವುದರಿಂದ ಕೂದಲು ದಪ್ಪವಾಗುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಅಷ್ಟೆ.
• ರೇಜರ್, ಬ್ಲೇಡು ಒಬ್ಬರಿಗೆ ಒಂದು. ಮನೆಯವರ ನಡುವೆಯೂ ಹಂಚಿಕೊಳ್ಳಬೇಡಿ.
• ಟ್ರಿಮ್ಮರ್ ಹಂಚಿಕೊಳ್ಳುವುದಾದರೆ ಪ್ರತಿ ಸಲ ಕೂದಲು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಆರಲು ಬಿಡಿ.
• ದೊಡ್ಡ ನಂಬರಿನ ಗಾರ್ಡ್‌ನಿಂದ ಶುರು ಮಾಡಿ. ಹಿರಿಯರಿಗೆ ಗಾರ್ಡ್ ತೆಗೆಯಬೇಡಿ.
• ಕತ್ತು ಲಟಕ್ ಅನ್ನಿಸಬೇಡಿ.
• ಉಂಗುರದಂಥ ತುರಿಕೆ ಬಂದರೆ ಕೇಳಿದ ಮುಲಾಮು ಹಚ್ಚಬೇಡಿ, ವೈದ್ಯರಿಗೆ ತೋರಿಸಿ.